"ಅನ್ಯಾಯ ಆಗಿರೋದು ನನಗೆ ಸಾರ್"

ಹೆಂಡತಿಗೆ ಹೊಡೆದು, ಕೋರ್ಟಿನ ನೋಟೀಸು ಜೇಬಿನಲ್ಲಿಟ್ಟುಕೊಂಡು ಬರುವ ಗಂಡಸಿನ ಮುಖ ಹೇಗಿರುತ್ತದೆ? ವಕೀಲಿಕೆಯ ಹೊಸದರಲ್ಲಿ ನಾಚಿಕೆ ಇರುತ್ತದೆ ಅಂದುಕೊಂಡಿದ್ದೆ, ಅದಿಲ್ಲದಿದ್ದರೆ ಸಿಟ್ಟಾದರೂ. ಎರಡೂ ಇಲ್ಲವೇ ಇಲ್ಲ ಅಂತಲ್ಲ, ಆದರೆ ಮೊದಲು ಕಣ್ಣಿಗೆ ಬೀಳುವುದು ಬೇರೆಯೇ. ಮನೆಗೆ ಕನ್ನ ಬಿದ್ದಿದೆ ಅಂತ ಸ್ಟೇಷನ್ನಿಗೆ ದೂರು ಕೊಡಲು ಬಂದವನ ಮುಖ ಅದು. ಕುರ್ಚಿ ಎಳೆದು ಕೂತು, ನೀರು ಕುಡಿದು, "ನನಗೆ ತುಂಬಾ ಅನ್ಯಾಯ ಆಗಿದೆ ಸಾರ್" ಅಂತಲೇ ಶುರು ಮಾಡುತ್ತಾನೆ. ಇದು ನಾಟಕ ಅಂತ ನನಗೆ ಅನ್ನಿಸಿದ್ದು ಕಡಿಮೆ. ವಕೀಲನ ಮುಂದೆ ನಾಟಕ ಆಡಿ ಅವನಿಗೆ ಆಗಬೇಕಾದ್ದೇನೂ ಇಲ್ಲ. ಫೀಸು ಕೊಟ್ಟವನಿಗೆ ನಾನು ಹೇಗೂ ತಕರಾರು ಬರೆದುಕೊಡುತ್ತೇನೆ. ಅವನು ಅದನ್ನು ನಂಬಿದ್ದಾನೆ. ಹೊಡೆದವನು ತಾನು, ಪೆಟ್ಟು ತಿಂದವಳು ಅವಳು, ಆದರೂ ಅನ್ಯಾಯವಾಗಿರುವುದು ತನಗೆ. ಈ ಲೆಕ್ಕ ಅವನ ತಲೆಯಲ್ಲಿ ಹೇಗೆ ತಾಳೆಯಾಗುತ್ತದೆ ಅನ್ನುವುದು ನನ್ನನ್ನು ಬಹಳ ಕಾಲದಿಂದ ಕೊರೆಯುತ್ತಿದೆ.

ನಾನು ತಾಲ್ಲೂಕು ಕೋರ್ಟಿನ ವಕೀಲ, ಡಿ.ವಿ. ಕೇಸುಗಳಲ್ಲಿ, ಅಂದರೆ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಕೇಸುಗಳಲ್ಲಿ, ಹೆಚ್ಚಾಗಿ ಗಂಡಂದಿರ ಕಡೆಯವನು. ಆರಿಸಿಕೊಂಡದ್ದಲ್ಲ. ನಮ್ಮಲ್ಲಿ ಹೆಂಗಸರ ಅರ್ಜಿಗಳು ಒಂದಿಬ್ಬರು ಮಹಿಳಾ ವಕೀಲರ ಹತ್ತಿರ ಹೋಗುತ್ತವೆ, ಇಲ್ಲವೇ ಕಾನೂನು ಸೇವಾ ಸಮಿತಿಯ ಮೂಲಕ ಪ್ಯಾನೆಲ್ ವಕೀಲರಿಗೆ. ಉಳಿದ ಪಾರ್ಟಿ ನಮ್ಮ ಮೆಟ್ಟಿಲು ಹತ್ತುತ್ತದೆ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಆಪ್ತ ಸಮಾಲೋಚಕರ ಮುಂದೆ, ಪೊಲೀಸರ ಮುಂದೆ, ಜಡ್ಜ್ ಮುಂದೆ ಹೇಳದ್ದನ್ನು ಗಂಡಸರು ತಮ್ಮ ವಕೀಲನಿಗೆ ಹೇಳುತ್ತಾರೆ. ಇಲ್ಲಿ ಬರೆಯುತ್ತಿರುವುದರಲ್ಲಿ ಯಾರ ಗುರುತೂ ಸಿಗದ ಹಾಗೆ ಕಸುಬು, ಊರು, ಮನೆಮಂದಿಯನ್ನು ಅದಲುಬದಲು ಮಾಡಿದ್ದೇನೆ. ಮಾತುಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ನೋಟ್‌ಬುಕ್ಕಿನ ಹಿಂಬದಿ

ಅವರಲ್ಲೊಬ್ಬ ಏಸ್ ಗಾಡಿ ಇಟ್ಟುಕೊಂಡು ಕೊಬ್ಬರಿ ಮಂಡಿಗೆ ಲೋಡು ಹೊಡೆಯುತ್ತಿದ್ದ. ಮೂವತ್ತರ ಆಚೀಚೆ, ಇಸ್ತ್ರಿ ಮಾಡಿದ ಅಂಗಿ, ಕುಡಿತ ಇಲ್ಲ, ಗುಟ್ಕಾ ಇಲ್ಲ. ಹೆಂಡತಿ ಗಾರ್ಮೆಂಟ್ಸಿಗೆ ಸೇರಿ ಒಂದು ವರ್ಷವಾಗಿತ್ತು. ಬೆಳಿಗ್ಗೆ ಕಂಪನಿ ಗಾಡಿ ಊರ ಬಾಗಿಲಿಗೆ ಬಂದು ಕರೆದೊಯ್ಯುತ್ತಿತ್ತು. ಅರ್ಜಿ ಬಂದಾಗ ಅವಳು ತವರಲ್ಲಿದ್ದಳು. "ಸಾಕ್ಷಿ ಏನಾದರೂ ಇದೆಯೇನಪ್ಪಾ?" ಅಂತ ಕೇಳಿದ್ದಕ್ಕೆ ಮುಂದಿನ ವಾಯಿದೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದ. ಮೇಲೆ ಮಗಳ ಹೆಸರು, ತರಗತಿ ಬರೆದ ಲೇಬಲ್ಲು. ಮುಂದಿನ ಪುಟಗಳಲ್ಲಿ ಮಗುವಿನ ಕಾಪಿ ರೈಟಿಂಗ್, ಟೀಚರ್ ಹಾಕಿದ ಕೆಂಪು ರೈಟು. ತಿರುಗಿಸಿ ಹಿಂಬದಿಯಿಂದ ತೆರೆದರೆ ಇವನ ಬರಹ, ದಿನಾಂಕ ಸಮೇತ.

"ಸಾರಿಗೆ ಉಪ್ಪು ಜಾಸ್ತಿ. ಕೇಳಿದ್ದಕ್ಕೆ ನಾಳೆಯಿಂದ ನೀವೇ ಮಾಡ್ಕೊಳ್ಳಿ ಅಂದಳು." "ಫೋನ್ ಮಾಡಿದೆ, ನಾಲ್ಕು ಸಲ, ಎತ್ತಲಿಲ್ಲ. ಮಿಷನ್ ಹತ್ರ ಫೋನ್ ಬಿಡಲ್ಲ ಅಂತಾಳೆ. ಸುಳ್ಳು." "ಅಮ್ಮ ಮಾತಾಡಿಸಿದರೆ ಎದ್ದು ಒಳಗೆ ಹೋದಳು." "ಸಂಬಳ ಆಯ್ತು. ಅವರಮ್ಮನಿಗೆ ಸಾವಿರ ಕಳಿಸಿದಾಳೆ. ನನಗೆ ಒಂದು ಮಾತು ಹೇಳಿಲ್ಲ." "ಮೀಟಿಂಗ್ ಇತ್ತು ಅಂತ ಗಾಡಿ ಲೇಟು. ಯಾವ ಮೀಟಿಂಗು?" ಹೀಗೆ ಪುಟದ ಮೇಲೆ ಪುಟ. ಕೆಲವು ಸಾಲುಗಳ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದ.

ಆವತ್ತು ಸಂಜೆ ಆಫೀಸಿನಲ್ಲಿ ಒಬ್ಬನೇ ಕೂತು ಅವಳ ಅರ್ಜಿಯನ್ನೂ ಸಂರಕ್ಷಣಾಧಿಕಾರಿ ಕಳಿಸಿದ ಕೌಟುಂಬಿಕ ಘಟನೆಯ ವರದಿಯನ್ನೂ (ನಮ್ಮ ರಾಜ್ಯದಲ್ಲಿ ಆ ಕೆಲಸ ಅಂಗನವಾಡಿಗಳ ತಲೆನೋವು ಹೊತ್ತ ಸಿಡಿಪಿಓಗಳ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲ ಮೇಲೆಯೇ ಇದೆ, ಅದೇ ಒಂದು ದೊಡ್ಡ ಕತೆ) ಆ ನೋಟ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟುಕೊಂಡೆ. ಪಾಟೀ ಸವಾಲಿಗೆ ಏನಾದರೂ ಸಿಗುತ್ತದೇನೋ ಅಂತ. ಕೆಲವು ದಿನಾಂಕ ಎರಡರಲ್ಲೂ ಇದ್ದವು. ವರದಿಯಲ್ಲಿ: "ಸಂಬಳದ ಹಣದ ವಿಚಾರವಾಗಿ ಜಗಳ ತೆಗೆದು ಬೆಲ್ಟಿನಿಂದ ಎಡತೋಳಿಗೆ ಹೊಡೆದಿರುತ್ತಾರೆ, ಮಗಳು ಅಡ್ಡ ಬಂದಾಗ ನೂಕಿರುತ್ತಾರೆ." ಅದೇ ದಿನ ನೋಟ್‌ಬುಕ್ಕಿನಲ್ಲಿ: "ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಮನಸ್ಸಿಗೆ ತುಂಬಾ ಬೇಜಾರಾಯ್ತು. ಊಟ ಬಿಟ್ಟೆ."

ಅವನು ಮುಚ್ಚಿಟ್ಟಿರಲಿಲ್ಲ. ಮರುದಿನ ನೇರವಾಗಿ ಕೇಳಿದೆ. "ಹೂಂ ಸಾರ್, ಆವತ್ತು ಹಾಕಿದೆ ನಾಲ್ಕು" ಅಂದ. ಮತ್ತೆ ಬರೆದಿಲ್ಲವಲ್ಲ ಅಂದರೆ ನನ್ನ ಮುಖವನ್ನೇ ನೋಡಿದ. "ಅದನ್ನೇನು ಬರೆಯೋದು ಸಾರ್?"

ಈ ಮಾತನ್ನು ನಾನು ಎಷ್ಟೋ ರೀತಿ ತಿರುಗಿಸಿ ನೋಡಿದ್ದೇನೆ. ಅವನ ಪುಸ್ತಕದಲ್ಲಿ ತಪ್ಪುಗಳಿಗೆ ಮಾತ್ರ ಜಾಗ. ತಪ್ಪು ಅವಳ ಕಡೆಯದು. ಹೊಡೆತ ತಪ್ಪಲ್ಲ, ಅದು ತಪ್ಪಿಗೆ ಸಿಕ್ಕ ಉತ್ತರ, ಬಾಕಿ ವಸೂಲಿ. ಅವನ ಮನಸ್ಸಿನೊಳಗೆ ಅವಳು ಕೊಡಬೇಕಾದ್ದೊಂದು ಪಟ್ಟಿ ಇದೆ: ಫೋನ್ ಎತ್ತುವುದು, ಅತ್ತೆಗೆ ಮರ್ಯಾದೆ, ಸಂಬಳದ ಲೆಕ್ಕ, ಕೇಳಿದ್ದಕ್ಕೆ ತಕ್ಷಣ ಉತ್ತರ, ರಾತ್ರಿಯ ಒಪ್ಪಿಗೆ. ಅವಳು ಯಾವುದಕ್ಕೂ ಸಹಿ ಹಾಕಿದವಳಲ್ಲ. ತಾಳಿ ಕಟ್ಟಿದ ಹೊತ್ತಿಗೇ ಎಲ್ಲಕ್ಕೂ ಸಹಿಯಾಯಿತು ಅಂತ ಅವನ ತಿಳುವಳಿಕೆ. ಕೊಡಬೇಕಾದ್ದು ಕೊಡದಿದ್ದಾಗ ಸಾಲ ಕೊಟ್ಟವನಿಗೆ ಆಗುವ ಸಂಕಟವೇ ಅವನಿಗಾಗುತ್ತದೆ, ನಿಜವಾದ ಸಂಕಟ. ಊಟ ಬಿಟ್ಟದ್ದೂ ನಿಜ.

ಸಿಟ್ಟು ಅನ್ನುವ ಸುಲಭದ ಉತ್ತರ

"ಸಿಟ್ಟು ತಡೆಯೋಕಾಗಲ್ಲ ಸಾರ್ ನನಗೆ" ಅನ್ನುವುದು ಎಲ್ಲರ ಮಾತು. ಅವನದೂ. ಅದೇ ಸಮಯದಲ್ಲಿ ಮಂಡಿಯ ಸಾಹುಕಾರರೊಬ್ಬರು ಇವನಿಗೆ ತಿಂಗಳುಗಟ್ಟಲೆ ಬಾಡಿಗೆ ಬಾಕಿ ಉಳಿಸಿಕೊಂಡಿದ್ದರು. ಗಾಡಿಯ ಕಂತು ಕಟ್ಟಲಾಗದೆ ಫೈನಾನ್ಸ್‌ನವರು ಮನೆ ಮುಂದೆ ಬಂದು ನಿಂತು ಮರ್ಯಾದೆ ತೆಗೆದಿದ್ದರು. ಇದನ್ನೆಲ್ಲ ಅವನೇ ಹೇಳಿದ್ದು, ಜೀವನಾಂಶ ಕೊಡಲು ಶಕ್ತಿ ಇಲ್ಲ ಅಂತ ತೋರಿಸಬೇಕಿತ್ತಲ್ಲ. ನಾನು ಕೇಳಿದೆ: "ಸಾಹುಕಾರನಿಗೆ ಹೊಡೆದೆಯಾ?" ನಕ್ಕ. "ಅದು ಬೇರೆ ಸಾರ್." "ಹೇಗೆ ಬೇರೆ?" "ಅವರು ಹೊರಗಿನವರು."

ಮೇಲಿನವರಿಗೆ ತಿರುಗಿ ಬೀಳಲಾಗದವನು ಮನೆಯಲ್ಲಿ ಕೈ ತೋರಿಸುತ್ತಾನೆ ಅನ್ನುವುದು ಹಳೇ ಮಾತು, ಅದರಲ್ಲಿ ಸತ್ಯವೂ ಇದೆ. ಆದರೆ ಅವನು ಹೇಳಿದ್ದು ಅದಲ್ಲ. ಸಾಹುಕಾರನಿಗೆ ಹೆದರುತ್ತೇನೆ ಅನ್ನಲಿಲ್ಲ. ಹೊರಗಿನವರ ಜೊತೆ ನಿಯಮವೇ ಬೇರೆ ಅಂದ. ಹೊರಗಿನವರು ಬಾಕಿ ಕೊಡದಿದ್ದರೆ ಕೇಳಬೇಕು, ಕಾಯಬೇಕು, ಇಬ್ಬರ ಕೈಲಿ ಹೇಳಿಸಬೇಕು, ಕೊನೆಗೆ ಕೋರ್ಟು. ಅವರು ತನ್ನ ಹಾಗೇ ಒಬ್ಬ ಮನುಷ್ಯ ಅನ್ನುವ ಅಂತರ ಅಲ್ಲಿದೆ. ಮನೆಯೊಳಗೆ ಆ ಅಂತರ ಇಲ್ಲ. ಪ್ರೀತಿ ಹತ್ತಿರ ತರುತ್ತದೆ ಅನ್ನುತ್ತೇವೆ. ಆ ಹತ್ತಿರವೇ ಅವನಿಗೆ ಪರವಾನಗಿ.

ಇದು ಅವನೊಬ್ಬನ ತಲೆಯಲ್ಲಿ ಹುಟ್ಟಿದ್ದೂ ಅಲ್ಲ. ನಮ್ಮ ಕಾನೂನೇ ಒಂದು ಕಡೆ ಹಾಗೆ ಹೇಳುತ್ತದೆ. ಹೊರಗಿನ ಹೆಂಗಸಿನ ಮೇಲೆ ಮಾಡಿದರೆ ಅತ್ಯಾಚಾರ ಅನ್ನಿಸಿಕೊಳ್ಳುವುದು ಹೆಂಡತಿಯ ಮೇಲೆ ಮಾಡಿದರೆ ಅಲ್ಲ ಅನ್ನುವ ವಿನಾಯಿತಿ ಹಳೇ ದಂಡ ಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಕೂತಿದೆ. 2022ರ ಮಾರ್ಚಿನಲ್ಲಿ ನಮ್ಮ ಹೈಕೋರ್ಟು ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ಒಪ್ಪದೆ, ಗಂಡನಾದರೇನು, ಕೃತ್ಯ ಕೃತ್ಯವೇ ಅನ್ನುವ ಅರ್ಥದ ತೀರ್ಪು ಕೊಟ್ಟಾಗ ಬಾರ್ ರೂಮಿನಲ್ಲಿ ಚಹಾ ಆರುವಷ್ಟು ಹೊತ್ತು ವಾದ ನಡೆಯಿತು. ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಕಾನೂನು ಓದಿದ ನಾವೇ ಹೊರಗಿನವಳು, ಮನೆಯವಳು ಅಂತ ಎರಡು ತಕ್ಕಡಿ ಇಟ್ಟುಕೊಂಡಿರುವಾಗ ಏಸ್ ಗಾಡಿಯವನನ್ನು ಏನು ಅನ್ನುವುದು?

ರಾಕ್ಷಸರು ಇಷ್ಟೊಂದು ಜನರೇ?

ಹೆಂಡತಿಗೆ ಹೊಡೆಯುವವನು ರಾಕ್ಷಸ, ಮಾನಸಿಕ ರೋಗಿ, ಕುಡುಕ ಅಂದುಬಿಟ್ಟರೆ ಉಳಿದವರಿಗೆ ನಿರಾಳ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 44.4ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ದೇಶದಲ್ಲೇ ಹೆಚ್ಚು. ಇಡೀ ದೇಶದ ಸರಾಸರಿ ಶೇ. 29.3. ಅದಕ್ಕಿಂತ ಹಿಂದಿನ ಸುತ್ತಿನಲ್ಲಿ ನಮ್ಮದು ಶೇ. 20.6 ಇತ್ತು. ಎಲ್ಲ ಲಾಕ್‌ಡೌನಿನ ಪ್ರಭಾವ ಅಂತ ಆಗ ಹಲವರು ಹೇಳಿದರು. ಆದರೆ ನಮ್ಮ ರಾಜ್ಯದಲ್ಲಿ ಸಮೀಕ್ಷೆಯವರು ಮನೆಮನೆ ಸುತ್ತಿದ್ದು 2019ರ ಜುಲೈನಿಂದ ಡಿಸೆಂಬರ್ ನಡುವೆ, ಕೊರೊನಾ ಹೆಸರು ನಮಗಾರಿಗೂ ಗೊತ್ತಿಲ್ಲದಾಗ. ನಾಲ್ಕು ವರ್ಷದಲ್ಲಿ ಗಂಡಸರು ಇದ್ದಕ್ಕಿದ್ದಂತೆ ಎರಡು ಪಟ್ಟು ಕೆಟ್ಟರು ಅಂತ ನಾನು ನಂಬುವುದಿಲ್ಲ. ಹೇಳಿಕೊಳ್ಳುವ ಧೈರ್ಯ, ಕೇಳುವ ರೀತಿ ಎರಡೂ ಬದಲಾಗಿರಬಹುದು. ಹಾಗಿದ್ದರೆ ಹಿಂದಿನ ಕಡಿಮೆ ಅಂಕಿ ನಮ್ಮನ್ನು ಸುಮ್ಮನೆ ಸಮಾಧಾನಪಡಿಸಿತ್ತು ಅಷ್ಟೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಸಮೀಕ್ಷೆಯ ಇನ್ನೊಂದು ಪ್ರಶ್ನೆ. ಏಳು ಸಂದರ್ಭ ಕೊಟ್ಟು ಇವುಗಳಲ್ಲಿ ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಅಂತ ಹೆಂಗಸರನ್ನೂ ಗಂಡಸರನ್ನೂ ಕೇಳುತ್ತಾರೆ: ಹೇಳದೆ ಹೊರಗೆ ಹೋದರೆ, ಮನೆ-ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ, ಎದುರು ವಾದ ಮಾಡಿದರೆ, ಕೂಡಲು ಒಪ್ಪದಿದ್ದರೆ, ಅಡುಗೆ ಕೆಡಿಸಿದರೆ, ನಡತೆಯ ಮೇಲೆ ಅನುಮಾನ ಬಂದರೆ, ಅತ್ತೆ-ಮಾವಂದಿರಿಗೆ ಅಗೌರವ ತೋರಿದರೆ. ಕರ್ನಾಟಕದಲ್ಲಿ ಇವುಗಳಲ್ಲಿ ಒಂದಕ್ಕಾದರೂ ಹೌದು ಅಂದ ಗಂಡಸರು ಶೇ. 81.9, ಹೆಂಗಸರು ಶೇ. 76.9. ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ನೋಟ್‌ಬುಕ್ಕಿನ ಹಿಂಬದಿ. ಅವನು ಬರೆದಿದ್ದು ಹೆಚ್ಚುಕಮ್ಮಿ ಅದೇ ಪಟ್ಟಿ. ಅಂದರೆ ಪಟ್ಟಿ ಅವನದಲ್ಲ. ಊರಿನದು. ಅವನು ದಿನಾಂಕ ಹಾಕಿಟ್ಟ ಅಷ್ಟೇ.

ಕುಡಿತ, ಬಾಲ್ಯ, ಮತ್ತು ಒಬ್ಬ ತಾಯಿ

ಕುಡಿತದ ಪಾಲನ್ನು ತಳ್ಳಿಹಾಕುವಂತಿಲ್ಲ. ಅದೇ ಸಮೀಕ್ಷೆ ದೇಶದ ಮಟ್ಟದಲ್ಲಿ ಹೇಳುವಂತೆ, ಪದೇ ಪದೇ ಕುಡಿದು ಬರುವ ಗಂಡಂದಿರ ಹೆಂಡತಿಯರಲ್ಲಿ ಶೇ. 70ರಷ್ಟು ಜನ ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡವರು. ಆದರೆ ಕುಡಿಯದ ಗಂಡಂದಿರ ಹೆಂಡತಿಯರಲ್ಲೂ ಶೇ. 23 ಇದ್ದಾರೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪ್ಯಾಕೆಟ್ಟು ಹೋಯಿತು, ಕ್ವಾರ್ಟರ್ ಬಂತು, ಅದಿರಲಿ. ನನ್ನ ನೋಟ್‌ಬುಕ್ಕಿನವನಿಗೆ ಕುಡಿತದ ವಾಸನೆಯೇ ಆಗದು. ಕುಡಿತ ಕೈಯನ್ನು ಹಗುರ ಮಾಡುತ್ತದೆ, ಏಟನ್ನು ಭಾರ ಮಾಡುತ್ತದೆ. ಯಾರ ಮೇಲೆ ಎತ್ತಬೇಕು ಅನ್ನುವುದು ಬಾಟಲಿಗೆ ಗೊತ್ತಿರುವುದಿಲ್ಲ, ಕುಡಿದವನಿಗೆ ಗೊತ್ತಿರುತ್ತದೆ. ಬಾರಿನಲ್ಲಿ ಸಪ್ಲೈಯರಿಗೆ ಟಿಪ್ಸ್ ಕೊಟ್ಟು ಬಂದಿರುತ್ತಾನೆ.

ಬಾಲ್ಯದ ವಿಚಾರಕ್ಕೆ ಬಂದರೆ ಅವನ ತಾಯಿಯನ್ನು ನೆನೆಯಲೇಬೇಕು. ವಾಯಿದೆಗೆ ಒಮ್ಮೆ ಮಗನ ಜೊತೆ ಬಂದಿದ್ದರು. ಮೊದಲ ಅರ್ಧ ಗಂಟೆ ಎಲ್ಲ ಅತ್ತೆಯರು ಹೇಳುವುದನ್ನೇ ಹೇಳಿದರು. "ನಮ್ಮನೆಯೋರು ಹೊಡೀತಿರಲಿಲ್ವಾ ಸ್ವಾಮಿ? ಸೌದೆ ತಗಂಡು ಹೊಡೆದಿದಾರೆ. ನಾನೇನು ಗಂಟು ಕಟ್ಕಂಡು ಹೋದ್ನಾ?" ಮಗ ಯಾವುದೋ ಕಾಗದ ಜೆರಾಕ್ಸ್ ಮಾಡಿಸಲು ಕೆಳಗೆ ಇಳಿದ. ಆಕೆ ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: "ಈ ಕಾಯ್ದೆ ಯಾವಾಗಿಂದ ಐತೆ ಸ್ವಾಮಿ?" 2006ರ ಅಕ್ಟೋಬರಿನಿಂದ ಅಂದೆ. ಬೆರಳ ಗೆಣ್ಣು ಎಣಿಸಿದರು. "ಅವರು ಹೋಗಿ ಎಂಟು ವರ್ಸ ಆಯ್ತು. ಹಂಗಾದ್ರೆ ಆಗ್ಲೇ ಇತ್ತು." ಮಗ ಮೆಟ್ಟಿಲು ಹತ್ತುವ ಸದ್ದಾಯಿತು. "ಅವಳಿಗೆ ಬುದ್ಧಿ ಹೇಳ್ಸಿ ಸ್ವಾಮಿ, ಹೊಂದ್ಕಂಡು ಹೋಗ್ಲಿ" ಅಂತ ಮತ್ತೆ ಮೊದಲಿನ ದನಿಗೆ ಬಂದರು.

ಅಪ್ಪ ಅಮ್ಮನಿಗೆ ಹೊಡೆಯುವುದನ್ನು ಕಂಡು ಬೆಳೆದ ಗಂಡುಮಕ್ಕಳು ಮುಂದೆ ಹೊಡೆಯುವ ಸಂಭವ ಹೆಚ್ಚು ಅನ್ನುವುದಕ್ಕೆ ಆಧಾರ ಬೇಕಾದಷ್ಟಿದೆ. ವಿಶ್ವಸಂಸ್ಥೆ 2013ರಲ್ಲಿ ಏಷ್ಯಾ-ಪೆಸಿಫಿಕ್‌ನ ಆರು ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಗಂಡಸರನ್ನೇ ಮಾತಾಡಿಸಿ ಪ್ರಕಟಿಸಿದ ಅಧ್ಯಯನದಲ್ಲೂ ಬಾಲ್ಯದ ಏಟುಗಳು ಎದ್ದು ಕಂಡವು. ಒಪ್ಪಿದೆ. ಆದರೆ ಈ ತಾಯಿಯ ಇನ್ನೊಬ್ಬ ಮಗನಿದ್ದಾನೆ, ಅದೇ ಮನೆ, ಅದೇ ಅಪ್ಪ, ಅದೇ ಸೌದೆ. "ಚಿಕ್ಕೋನು ಹಂಗಲ್ಲ" ಅಂತ ಅವರೇ ಅಂದರು. ಬಾಲ್ಯ ಒಂದು ದಾರಿಯನ್ನು ತೋರಿಸುತ್ತದೆ, ಕೈಹಿಡಿದು ನಡೆಸುವುದಿಲ್ಲ. ಅಪ್ಪನ ಏಟಿಗಿಂತ ಏಟಿನ ನಂತರ ಮನೆಯಲ್ಲಿ ಏನಾಯಿತು ಅನ್ನುವುದು ಮಗನಿಗೆ ಹೆಚ್ಚು ಕಲಿಸಿತೇನೋ. ಅಪ್ಪ ಹೊಡೆದ, ಅಮ್ಮ ಅತ್ತಳು, ಆಮೇಲೆ ಮುಖ ತೊಳೆದು ಮುದ್ದೆ ಕಟ್ಟಿ ಬಡಿಸಿದಳು, ಅಪ್ಪ ಉಂಡ. ಯಾರೂ ಏನೂ ಅನ್ನಲಿಲ್ಲ. ಪಕ್ಕದ ಮನೆಯವರು ಬಾಗಿಲಿಗೆ ಬಂದಿದ್ದರೂ ಗಂಡ-ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಹಿಂದಿರುಗಿರುತ್ತಾರೆ.

"ಆಮೇಲೆ ಒಂದು ವಾರ ಮನೆ ಸರಿ ಇತ್ತು"

ಈಗ ನಾನು ಹೊಸ ಪಾರ್ಟಿ ಬಂದರೆ ಯಾಕೆ ಹೊಡೆದೆ ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಯಾಕೆ ಅಂದರೆ ಸಿಗುವುದು ಆ ಪಟ್ಟಿಯೇ. ಹೊಡೆದ ಮೇಲೆ ಏನಾಯಿತು ಅಂತ ಕೇಳುತ್ತೇನೆ. ಇದಕ್ಕೆ ಯಾರೂ ತಯಾರಾಗಿ ಬಂದಿರುವುದಿಲ್ಲ, ಹಾಗಾಗಿ ನಿಜ ಬರುತ್ತದೆ. ನೋಟ್‌ಬುಕ್ಕಿನವನು ಸ್ವಲ್ಪ ಯೋಚಿಸಿ ಹೇಳಿದ್ದು: "ಆಮೇಲೆ ಒಂದು ವಾರ ಮನೆ ಸರಿ ಇತ್ತು ಸಾರ್. ಫೋನ್ ಮಾಡಿದ್ರೆ ಊಟದ ಬ್ರೇಕಲ್ಲಿ ತಾನೇ ವಾಪಸ್ ಮಾಡ್ತಿದ್ಳು."

ಉತ್ತರ ಇಲ್ಲೇ ಇದೆ ಅನ್ನಿಸುತ್ತದೆ ನನಗೆ. ಹೊಡೆತ ಕೆಲಸ ಮಾಡುತ್ತದೆ. ಒಂದು ವಾರ ಅವನ ಬಾಕಿ ಎಲ್ಲ ಚುಕ್ತಾ ಆಗುತ್ತದೆ, ಬಡ್ಡಿ ಸಮೇತ. ಅವನು ಅದನ್ನು ಅಧಿಕಾರ ಅಂತ ಕರೆಯುವುದಿಲ್ಲ, ಮನೆ ಸರಿ ಇರುವುದು ಅಂತ ಕರೆಯುತ್ತಾನೆ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಡುಲುತ್ ಎಂಬ ಊರಿನಲ್ಲಿ 1980ರ ದಶಕದ ಆರಂಭದಲ್ಲಿ ಹೊಡೆಯುವ ಗಂಡಸರ ಜೊತೆ ಕೆಲಸ ಮಾಡುವ ಒಂದು ಪದ್ಧತಿ ಶುರುವಾಯಿತು. ಹಿಂಸೆಯ ನಡುವೆ ಇರುವುದು ಅಧಿಕಾರ ಮತ್ತು ಹತೋಟಿ ಅಂತ ಚಕ್ರದ ಚಿತ್ರವೊಂದನ್ನು ಅವರು ಬರೆದರು. ನಮ್ಮ ತರಬೇತಿಗಳಲ್ಲೂ ಆ ಚಕ್ರ ಪರದೆಯ ಮೇಲೆ ಬಂದೇ ಬರುತ್ತದೆ. ಅದನ್ನು ಕಟ್ಟಿದವರಲ್ಲಿ ಮುಖ್ಯಳಾದ ಎಲೆನ್ ಪೆನ್ಸ್ ಮುಂದೆ ತಾನೇ ಬರೆದದ್ದು ನನಗೆ ಚಕ್ರಕ್ಕಿಂತ ಇಷ್ಟ: ಗಂಡಸರ ಹೊಡೆತದ ಹಿಂದಿನ ಪ್ರೇರಣೆ ಅಧಿಕಾರದ ಆಸೆಯೇ ಅಂತ ನಾವು ಮೊದಲೇ ತೀರ್ಮಾನಿಸಿದ್ದೆವು, ಆದರೆ ನಮ್ಮ ಮುಂದೆ ಕೂತ ಹಲವರ ಬದುಕಿಗೆ ಅದು ಹೊಂದುತ್ತಿರಲಿಲ್ಲ ಅನ್ನುವ ಅರ್ಥದ ಮಾತು. ಹೊಂದುವುದಿಲ್ಲ, ನಿಜ. ಅಧಿಕಾರ ಬರುವುದು ಫಲವಾಗಿ. ಹುಡುಕಿಕೊಂಡು ಹೋಗುವುದು ಅವನ ಪ್ರಕಾರ ನ್ಯಾಯವನ್ನು.

ಹೀಗೆ ನೋಡಿದರೆ ಇನ್ನೊಂದು ಒಗಟೂ ಸ್ವಲ್ಪ ಬಿಡಿಸಿಕೊಳ್ಳುತ್ತದೆ. ಹೆಂಗಸು ದುಡಿಯಲು ಶುರು ಮಾಡಿದರೆ ಏಟು ನಿಲ್ಲುತ್ತದೆ ಅಂತ ನಾವೆಲ್ಲ ಅಂದುಕೊಂಡವರು. ಬೆಂಗಳೂರಿನ ಬಡ ಬಡಾವಣೆಗಳ 700ಕ್ಕೂ ಹೆಚ್ಚು ಯುವ ವಿವಾಹಿತೆಯರನ್ನು ಕೆಲಕಾಲ ಹಿಂಬಾಲಿಸಿ ನಡೆಸಿದ ಅಧ್ಯಯನವೊಂದು 2010ರ ಆಸುಪಾಸಿನಲ್ಲಿ ಬಂತು. ಒಂದು ಭೇಟಿಗೂ ಇನ್ನೊಂದಕ್ಕೂ ನಡುವೆ ಹೊಸದಾಗಿ ಕೆಲಸಕ್ಕೆ ಸೇರಿದವರು ಹೆಚ್ಚು ಏಟು ತಿಂದಿದ್ದರು. ಗಂಡನ ಕೆಲಸ ಅಲುಗಾಡುತ್ತಿದ್ದ ಮನೆಗಳಲ್ಲೂ ಹಾಗೇ. ಪ್ರೇಮವಿವಾಹವಾದವರಿಗೆ ರಕ್ಷಣೆ ಸಿಕ್ಕಿರಲಿಲ್ಲ, ಬದಲಿಗೆ ಅಪಾಯವೇ ಹೆಚ್ಚಿತ್ತು. ಕೆಲಸಕ್ಕೆ ಹೋಗಬೇಡಿ ಅಂತ ಇದರ ಅರ್ಥವಲ್ಲ. ದುಡಿಮೆ ಅವನ ಪಟ್ಟಿಯನ್ನು ಹರಿಯುವುದಿಲ್ಲ, ಮೊದಮೊದಲು ಉದ್ದ ಮಾಡುತ್ತದೆ: ಸಂಬಳದ ಲೆಕ್ಕ, ತಡವಾಗಿ ಬಂದದ್ದರ ಲೆಕ್ಕ, ಸೂಪರ್‌ವೈಸರ್ ಯಾರು ಅನ್ನುವ ಲೆಕ್ಕ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ನನ್ನ ಆಫೀಸಿನಲ್ಲಿ ಹೊಸ ಸಾಲೊಂದು ಕೇಳಿಬರುತ್ತಿದೆ, "ಎರಡು ಸಾವಿರ ಬಂದ್ಮೇಲೆ ಮಾತು ಕೇಳಲ್ಲ ಸಾರ್." ಎರಡು ಸಾವಿರಕ್ಕೆ ಇಷ್ಟು ತೂಕವಿದೆ ಅಂತ ಯೋಜನೆ ಮಾಡಿದವರಿಗೂ ಗೊತ್ತಿತ್ತೋ ಇಲ್ಲವೋ.

ಎಲ್ಲ ಜಗಳವೂ ಈ ಬಗೆಯದಲ್ಲ, ಅದನ್ನೂ ಹೇಳಬೇಕು. ಮಾತಿಗೆ ಮಾತು ಬೆಳೆದು ಇಬ್ಬರೂ ಕೈ ಮಿಲಾಯಿಸಿ, ಮರುದಿನ ಇಬ್ಬರೂ ನಾಚಿಕೊಂಡು ಕೂರುವ ಮನೆಗಳೂ ಇವೆ; ಹೆಂಡತಿಯೇ ಕೈ ಎತ್ತುವ ಮನೆಗಳೂ ಇವೆ. ಮೈಕೆಲ್ ಜಾನ್ಸನ್ ಎಂಬ ಸಮಾಜಶಾಸ್ತ್ರಜ್ಞ 1995ರಲ್ಲೇ ಇಂಥ ಜಗಳವನ್ನೂ ಹತೋಟಿಯ ಹೊಡೆತವನ್ನೂ ಒಂದೇ ಗಂಟು ಕಟ್ಟಬೇಡಿ ಅಂದಿದ್ದ. ವ್ಯತ್ಯಾಸ ಏಟಿನ ಸಂಖ್ಯೆಯಲ್ಲಿ ಅಲ್ಲ, ಭಯ ಯಾರಿಗಿದೆ ಅನ್ನುವುದರಲ್ಲಿ. ಅವಳು ಅವನ ಗಾಡಿಯ ಸದ್ದು ಕೇಳಿದ ಕೂಡಲೇ ಟಿ.ವಿ. ಆರಿಸುತ್ತಾಳೋ ಇಲ್ಲವೋ ನೋಡಿ, ಗೊತ್ತಾಗುತ್ತದೆ. ನಮ್ಮ ಅರ್ಜಿಗಳಲ್ಲಿ ಇಂಥದ್ದು ಬರುವುದೇ ಇಲ್ಲ ಅನ್ನುವುದು ನನ್ನ ಕಸುಬಿನ ಮೇಲೆ ನನಗಿರುವ ದೂರು. ಎಲ್ಲ ಅರ್ಜಿಯೂ ಒಂದೇ ಅಚ್ಚು: "ಹೆಚ್ಚಿನ ವರದಕ್ಷಿಣೆ ತರುವಂತೆ ಮಾನಸಿಕ ಹಾಗೂ ದೈಹಿಕ ಕಿರುಕುಳ ನೀಡಿರುತ್ತಾರೆ." ಆ ಅಚ್ಚಿನಲ್ಲಿ ಬೆಲ್ಟು, ಫೋನು, ಟಿ.ವಿ. ಎಲ್ಲ ಕರಗಿಹೋಗುತ್ತವೆ. ನನ್ನಂಥ ಎದುರು ವಕೀಲನಿಗೆ ಅದಕ್ಕಿಂತ ಅನುಕೂಲ ಬೇರೆ ಏನಿದೆ?

ಕಾಗದ

ಅವನ ಕೇಸಿನಲ್ಲಿ ಹದಿನೆಂಟನೇ ಕಲಮಿನ ರಕ್ಷಣಾ ಆದೇಶ ಆಯಿತು. 31ನೇ ಕಲಮನ್ನೂ ಬಿಡಿಸಿ ಹೇಳಿದೆ: ಇನ್ನು ಕೈ ಎತ್ತಿದರೆ ಒಂದು ವರ್ಷದವರೆಗೆ ಜೈಲು, ಇಪ್ಪತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ, ಗಾಡಿ ಓಡಿಸೋದು ಯಾರು ಯೋಚನೆ ಮಾಡು. ಕೆಲ ತಿಂಗಳ ಮೇಲೆ ಹಿರಿಯರು ಕೂತು ಮಾತಾಡಿ ಅವಳು ಮಗಳನ್ನು ಕರೆದುಕೊಂಡು ಅದೇ ಮನೆಗೆ ವಾಪಸು ಬಂದಳು. ಕೆಲಸ ಬಿಡುವುದಿಲ್ಲ ಅನ್ನುವ ಷರತ್ತು ಹಾಕಿಯೇ ಬಂದದ್ದು. ಹೊಡೆತ ನಿಂತಿತು. ನಿಂತೇ ಹೋಯಿತು. ತಡೆಯಲಾಗದ ಸಿಟ್ಟು, ನರನಾಡಿಯಲ್ಲಿ ಹರಿದುಬಂದ ಅಪ್ಪನ ಗುಣ, ಸಾಲದ ಒತ್ತಡ, ಎಲ್ಲವೂ ಮೊದಲಿನ ಹಾಗೇ ಇದ್ದವು. ಕೋರ್ಟಿನ ಮೊಹರು ಬಿದ್ದ ಎರಡು ಹಾಳೆ ಕಾಗದ ಮಾತ್ರ ಹೊಸದು.

ಆದರೆ ಪಟ್ಟಿಗೆ ಏನೂ ಆಗಿರಲಿಲ್ಲ. ಕೈ ನಿಂತ ಮೇಲೆ ಬಾಯಿ ನಿಂತಿತು, ವಾರಗಟ್ಟಲೆ ಮಾತಿಲ್ಲ. ರೇಷನ್ನಿಗೆ ದುಡ್ಡು ಕೇಳಿದರೆ "ನೀನು ದುಡೀತೀಯಲ್ಲ" ಅನ್ನುತ್ತಿದ್ದನಂತೆ. ಅವಳ ವಕೀಲರು, ನನಗೆ ಪರಿಚಿತರೇ, ಕಾರಿಡಾರಿನಲ್ಲಿ ಸಿಕ್ಕಾಗ ಹೇಳಿದರು. ಕಾಯ್ದೆಯ ಕಣ್ಣಿನಲ್ಲಿ ಇದೂ ಹಿಂಸೆಯೇ. ಹಣ ತಡೆಹಿಡಿಯುವುದನ್ನು ಅದು ಹೆಸರಿಟ್ಟೇ ಹೇಳಿದೆ. ಮ್ಯಾಜಿಸ್ಟ್ರೇಟರು ಸಮಾಲೋಚನೆಗೆ ಕಳಿಸಬಹುದು ಅಂತಲೂ ಅದರಲ್ಲಿದೆ. ಕಳಿಸಿದ ಕಡೆ ಸಾಮಾನ್ಯವಾಗಿ ಆಗುವುದು ಅವಳಿಗೆ ಹೊಂದಾಣಿಕೆಯ ಬೋಧನೆ, ಅವನಿಗೆ ಒಂದು ಗದರಿಕೆ. ಎದುರಿಗೆ ಕೂರಿಸಿಕೊಂಡು, ಬಾ ಇಲ್ಲಿ, ಅವಳು ನಿನಗೆ ಇದನ್ನೆಲ್ಲ ಕೊಡಬೇಕು ಅಂತ ನಿನಗೆ ಹೇಳಿದವರು ಯಾರು, ಒಂದೊಂದಾಗಿ ನೋಡೋಣ ಅಂತ ಕೇಳುವವರು ನಮ್ಮ ತಾಲ್ಲೂಕಿನಲ್ಲಂತೂ ನನಗೆ ಕಂಡಿಲ್ಲ. ನಾನೂ ಕೇಳಿಲ್ಲ, ವಕೀಲನ ಫೀಸಿನಲ್ಲಿ ಅದು ಸೇರಿರುವುದಿಲ್ಲ.

ವರ್ಷದ ಮೇಲೆ ಅವನು ಮತ್ತೆ ಬಂದ. ಮಂಡಿ ಬಾಕಿ ಬಂದಿತ್ತು, ಗಾಡಿ ಕಂತು ಮುಗಿದಿತ್ತು, ಸ್ವಲ್ಪ ಮೈ ಕೈ ತುಂಬಿಕೊಂಡಿದ್ದ. ಆ ಆರ್ಡರ್ ತೆಗೆಸಬೇಕು ಅಂದ. ರಕ್ಷಣಾ ಆದೇಶಕ್ಕೆ ಇಷ್ಟು ತಿಂಗಳು ಅಂತ ಅವಧಿ ಇಲ್ಲ, ಸಾಕು ಅಂತ ಅವಳು ಅರ್ಜಿ ಹಾಕುವವರೆಗೂ ಇರುತ್ತದೆ, ಮೊದಲು ಅವಳನ್ನೇ ಕೇಳು ಅಂದೆ. ಕೇಳಿದನಂತೆ. ರೊಟ್ಟಿ ತಟ್ಟುತ್ತಿದ್ದವಳು ತಿರುಗಿಯೂ ನೋಡದೆ, "ಅದು ನಿಮಗೇನು ಊಟ ಕೇಳ್ತದಾ? ಇರ್ಲಿ ಬಿಡಿ" ಅಂದಳಂತೆ.

ಇದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. "ಒಂದು ವರ್ಷ ಆಯ್ತು ಸಾರ್, ಒಂದು ಬೆರಳು ಮುಟ್ಟಿಸಿಲ್ಲ ಅವಳಿಗೆ. ಇನ್ನೂ ನನ್ನ ಮೇಲೆ ನಂಬಿಕೆ ಇಲ್ಲ ಅಂದ್ರೆ, ನೀವೇ ಹೇಳಿ, ಇದಕ್ಕಿಂತ ಅನ್ಯಾಯ ಇದೆಯಾ?"